ಅಕ್ಕ ಕೈಕಟ್ಟಿ ಕೂತ ದಿನ

ನಮ್ಮ ಆಂಬುಲೆನ್ಸ್ ಕರೆ ಕೇಂದ್ರದಲ್ಲಿ ಎಲ್ಲಕ್ಕೂ ಜೋಡಿಯಿದೆ. ಎರಡು ಸರ್ವರ್, ಎರಡು ಜನರೇಟರ್, ಒಂದು ಕೆಟ್ಟರೆ ಇರಲಿ ಅಂತ ಎರಡು ಗೋಡೆ ಗಡಿಯಾರ ಕೂಡ. ಜೋಡಿಯಿಲ್ಲದೆ ಇದ್ದದ್ದು ಅಕ್ಕ ಒಬ್ಬರೇ.

ಅಕ್ಕ ನನ್ನ ಒಡಹುಟ್ಟಿದವರೇನಲ್ಲ. ಸರ್ವರ್ ಕೋಣೆಯ ಒಡತಿ, ಮಹಾ ಹಟಮಾರಿ. ಮಂಡಿ ಸವೆದು, ಮೆಟ್ಟಿಲು ಹತ್ತುವಾಗ ಗೋಡೆಗೇ ಬೈಯುತ್ತಿದ್ದರು. ಆಪರೇಷನ್ನಿಗೆ ಆಸ್ಪತ್ರೆ ಎರಡು ಸಲ ದಿನ ಕೊಟ್ಟಿತ್ತು. ಸರ್ವರ್ ನೋಡಿಕೊಳ್ಳಲು ಬೇರೆ ಯಾರೂ ಇಲ್ಲವೆಂದು ಎರಡು ಸಲವೂ ಮುಂದೂಡಿದ್ದರು. ಮೂರನೆಯ ಸಲ ಮೇಲಧಿಕಾರಿ ಷರತ್ತು ಹಾಕಿದರು: ಸರ್ವರ್‌ಗಳ ಈ ಸಲದ ಅಪ್‌ಗ್ರೇಡನ್ನು ಇನ್ನೊಬ್ಬರು ಮಾಡಿ ತೋರಿಸಿದರೆ ಆರು ವಾರ ರಜೆ, ಇಲ್ಲದಿದ್ದರೆ ಇಲ್ಲ. ಆ ಇನ್ನೊಬ್ಬ ನಾನು, ನಲವತ್ತೈದರ ಅಂಜುಬುರುಕ.

ಕೆಲಸ ಹೇಳುವುದಕ್ಕೆ ಸುಲಭ. ಕರೆಗಳನ್ನೆಲ್ಲ ಎರಡನೆಯ ಸರ್ವರಿಗೆ ವಹಿಸಿ, ಮೊದಲನೆಯದನ್ನು ವಿಶ್ರಾಂತಿಗೆ ಕಳಿಸಿ, ಅದಕ್ಕೆ ಹೊಸ ಆಪರೇಟಿಂಗ್ ಸಿಸ್ಟಮ್ ಹಾಕಬೇಕು. ಆಮೇಲೆ ಕರೆಗಳನ್ನು ಇತ್ತ ತಿರುಗಿಸಿ, ಎರಡನೆಯದಕ್ಕೂ ಹಾಗೆಯೇ. ಕೈಬದಲಾಗುವಾಗ ಫೋನು ಸತ್ತಿರಬಹುದಾದದ್ದು ಹತ್ತೇ ಸೆಕೆಂಡು. ಅಷ್ಟರಲ್ಲೇ ಯಾರದೋ ತಾಯಿಗೆ ಎದೆನೋವು ಬರಬಹುದು.

ಬೆಳಿಗ್ಗೆ ಹತ್ತಕ್ಕೆ ಶುರು. ರಾತ್ರಿ ಮಾಡೋಣ ಅಂದರೆ ಅಕ್ಕ ಒಪ್ಪಲಿಲ್ಲ. "ತಪ್ಪು ಮಾಡೋದಾದ್ರೆ ಎಲ್ರೂ ಎಚ್ಚರ ಇರೋವಾಗ ಮಾಡು" ಎಂದು, ಹನ್ನೊಂದು ಹಂತ ಬರೆದ ಹಾಳೆ ಕೊಟ್ಟು, ಪಕ್ಕದ ಕುರ್ಚಿಯಲ್ಲಿ ಕೈಕಟ್ಟಿ ಕೂತರು. ಅಕ್ಕ ಸುಮ್ಮನೆ ಕೂತದ್ದನ್ನು ನಾನು ನೋಡಿದ್ದೇ ಅವತ್ತು.

ಮೊದಲ ಕೈಬದಲು ಒಂಬತ್ತು ಸೆಕೆಂಡು. ನಲವತ್ತು ನಿಮಿಷದಲ್ಲಿ ಹೊಸ ಸಿಸ್ಟಮ್ ಬಂದು ಕೂತಿತು. ಏಳನೆಯ ಹಂತ, ಕರೆಗಳನ್ನು ವಾಪಸು ತರುವುದು. ಬರಲಿಲ್ಲ. ಮತ್ತೆ ಒತ್ತಿದೆ. ಜಪ್ಪಯ್ಯ ಅಂದರೂ ಬರಲಿಲ್ಲ.

"ಅಕ್ಕಾ, ಏನೋ ಬಿಟ್ಬಿಟ್ಟೆ ನಾನು."

ಅವರ ಬಲಗೈ ಆಗಲೇ ಕೀಬೋರ್ಡಿನ ಕಡೆ ಹೊರಟಿತ್ತು. ಫಕ್ಕನೆ ಹಿಂದಕ್ಕೆಳೆದು, ತೊಡೆಯ ಕೆಳಗೆ ಹಾಕಿಕೊಂಡು ಅದರ ಮೇಲೇ ಕೂತರು. "ಗಾಬರಿ ಬೇಡ. ಎರಡನೇದು ನಡೀತಿದೆ, ಕರೆಗಳು ಬರ್ತಾನೇ ಇವೆ. ನಿಧಾನಕ್ಕೆ ಓದು. ಹಾಳೆ ಅಲ್ಲ, ಸ್ಕ್ರೀನು."

ಓದಿದೆ. ಮೊದಲನೆಯ ಸರ್ವರಿನ ಮುಂದೆ ಇನ್ನೂ 'ವಿಶ್ರಾಂತಿ' ಎಂದೇ ಇತ್ತು.

"ಮಲಗಿಸಿದ್ವಿ ಸರಿ, ಎಬ್ಬಿಸಿದ್ದು ಯಾವಾಗ? ಹಾಳೇಲಿ ಇಲ್ವಲ್ಲ!"

ಅಕ್ಕ ಹಾಳೆ ಕಸಿದುಕೊಂಡು ಮೇಲಿಂದ ಕೆಳಗೆ ನೋಡಿದರು. ಮುಖ ಕೆಂಪಾಯಿತು. "ಅಯ್ಯೋ, ಇಷ್ಟು ವರ್ಷ ಬೆರಳೇ ಮಾಡ್ಬಿಡ್ತಿತ್ತು ಕಣೋ. ನಾನು ಅದನ್ನ ಮಾಡ್ತೀನಿ ಅಂತಾನೇ ನಂಗೆ ಗೊತ್ತಿರ್ಲಿಲ್ಲ."

ಆರರ ಕೆಳಗೆ ಆ ಸಾಲು ನಾನೇ ಬರೆದೆ. ಎಬ್ಬಿಸಿದೆ, ತಿರುಗಿಸಿದೆ: ಏಳು ಸೆಕೆಂಡು. ಎರಡನೆಯದೂ ಮುಗಿದಾಗ ಊಟದ ಹೊತ್ತು. ಎಷ್ಟು ಖುಷಿಯಾಗಿತ್ತೆಂದರೆ ಹಸಿವೇ ಇರಲಿಲ್ಲ.

ಅಕ್ಕ ಆಸ್ಪತ್ರೆಗೆ ಫೋನು ಮಾಡಿದರು. "ಸೋಮವಾರ ಬರ್ತೀನಿ. ಹೂಂ, ಖಂಡಿತ." ಆ ಕಡೆಯವರು ಹಳೆಯ ನೆಪ ಎತ್ತಿ ಚುಚ್ಚಿರಬೇಕು. ಅಕ್ಕ ನನ್ನ ಕಡೆ ನೋಡದೆ ಹೇಳಿದರು: "ಇದ್ದಾನೆ, ಈಗ ಒಬ್ಬ ಇದ್ದಾನೆ. ಹೆದರ್ತಾನೆ, ಆದ್ರೆ ಓದ್ತಾನೆ."