ಗಂಡುಬೀರಿ ಎನ್ನಿಸಿಕೊಂಡ ಅತ್ತೆ

ನಮ್ಮ ಅತ್ತೆಯ ಬೆರಳುಗಳು ತುದಿಯಿಂದ ನಡುಗೆಣ್ಣಿನವರೆಗೆ ಕರ್ರಗಿದ್ದವು. ಬಾಳೆಯ ಸೊನೆ ಕೂತು ಆದ ಕಪ್ಪು ಅದು. ಹುಣಸೆಹಣ್ಣು ಹಚ್ಚಿ ತಿಕ್ಕಿದರೂ ಹೋಗುವಂಥದ್ದಲ್ಲ. ಆಕೆ ತಿಕ್ಕುತ್ತಲೂ ಇರಲಿಲ್ಲ. ಊಟಕ್ಕೆ ಕೂತಾಗ ಬಿಳಿ ಜೋಳದ ರೊಟ್ಟಿಯ ಮೇಲೆ ಆ ಬೆರಳುಗಳು ಎದ್ದು ಕಾಣುತ್ತಿದ್ದವು.

ಅತ್ತೆ ಅಂದರೆ ನನ್ನ ಹೆಂಡತಿಯ ತಾಯಿ. ಕಮಲಾಪುರದಲ್ಲಿ ಆಕೆಯದು ಕೆಂಪು ಬಾಳೆಯ ತೋಟ. ನಾನು ಕಲಬುರಗಿಯವನು, ಬಂಡಿ ಹೊಡೆಯುವವನು. ಮೂರನೇ ಜಮಾತಿಗೇ ಶಾಲೆ ಬಿಟ್ಟೆ. ಅದಕ್ಕೆ ನನಗೆ ನಾಚಿಕೆಯಿಲ್ಲ. ಎತ್ತು ನನ್ನವು, ಬಂಡಿ ನನ್ನದು. ನಿಜಾಮರ ಕಾಲದಲ್ಲೂ ಯಾರ ಮುಂದೆಯೂ ಕೈಕಟ್ಟಿ ನಿಂತವನಲ್ಲ. ಆಕೆಯ ತೋಟದ ಗೊನೆಗಳನ್ನು ಕಲಬುರಗಿಯ ಪೇಟೆಗೆ ಹೊರುತ್ತ ಹೊರುತ್ತ ಆಕೆಯ ಗುರುತಾಯಿತು.

ಗೊನೆಗಳನ್ನು ಬಂಡಿಯಲ್ಲಿ ಒಗೆದಂತೆ ಇಟ್ಟರೆ ಆಕೆಗೆ ಸಿಟ್ಟು ನೆತ್ತಿಗೇರುತ್ತಿತ್ತು. "ತಮ್ಮಾ, ಅವೇನ್ ಕಲ್ಲು ಅಂದ್ಕೊಂಡೀ ಏನ? ನಿನ್ನ ತಲಿ ಅಂದ್ಕೊಂಡು ಇಡು. ಬ್ಯಾಡ ಬ್ಯಾಡ, ನಿನ್ನ ತಲಿ ಭಾಳ ಗಟ್ಟಿ ಅದ. ನನ್ನ ತಲಿ ಅಂದ್ಕೊಂಡು ಇಡು!" ಬೈದು ಮುಗಿಸಿ ಚಿಪ್ಪಿನಿಂದ ಒಂದು ಹಣ್ಣು ಮುರಿದು ನನ್ನ ಕೈಯಲ್ಲಿಡುತ್ತಿದ್ದಳು.

ಇಂಥವಳಿಗೆ ಊರು ಇಟ್ಟ ಹೆಸರು ಗಂಡುಬೀರಿ. ಹೇಗೆ ಬಂತು ಆ ಹೆಸರು ಎಂಬುದನ್ನು ನಾನೇ ಕಣ್ಣಾರೆ ಕಂಡೆ.

ಆಗ ತೋಟದ ಫಸಲಿಗಾಗಲಿ ದನಕ್ಕಾಗಲಿ ಬೆಲೆ ಕಟ್ಟುವಾಗ ಬಾಯಿಂದ ಹೇಳುವ ರಿವಾಜು ಇರಲಿಲ್ಲ. ಕೊಳ್ಳುವವನ ಕೈ, ಮಾರುವವನ ಕೈ ಎರಡರ ಮೇಲೂ ವಸ್ತ್ರ ಮುಚ್ಚಿ, ಅದರ ಕೆಳಗೆ ಬೆರಳು ಒತ್ತಿ ಬೆಲೆ ಹೇಳಬೇಕು. ಸುತ್ತ ನಿಂತವರಿಗೆ ಏನೂ ತಿಳಿಯದು. ಹೆಂಗಸು ಪರಗಂಡಸಿನ ಕೈಯಲ್ಲಿ ಕೈ ಕೊಡುವುದುಂಟೆ? ಹಾಗಾಗಿ ಗಂಡ ತೀರಿಕೊಂಡ ಮೇಲೆ ಆಕೆಯ ಬದಲು ಮೈದುನ ಕೂರುತ್ತಿದ್ದ. ಅವನು ಎದ್ದು ಬಂದು ಹೇಳಿದ್ದೇ ಬೆಲೆ.

ಆ ದಿನ ನಾನು ಬಂಡಿ ನಿಲ್ಲಿಸಿಕೊಂಡು ತೋಟದ ಬದುವಿನಲ್ಲಿ ಕಾಯುತ್ತಿದ್ದೆ. ಆಕೆ ಸೆರಗು ಬಿಗಿದು ನೆಟ್ಟಗೆ ಹೋದವಳೇ ಮೈದುನ, ಕೊಳ್ಳಲು ಬಂದ ಸಾವುಕಾರ ಇಬ್ಬರ ಕೈಮೇಲಿನ ವಸ್ತ್ರ ಕಿತ್ತು ತನ್ನ ಹೆಗಲಿಗೆ ಹಾಕಿಕೊಂಡಳು. ನನ್ನ ತೋಟದ ಫಸಲಿಗೆ ಇಷ್ಟು ಎಂದು ಎಲ್ಲರಿಗೂ ಕೇಳುವಂತೆ ಕೂಗಿದಳು. ಮೈದುನ ತಲೆ ತಗ್ಗಿಸಿದ. ಸಾವುಕಾರ ನಕ್ಕ.

"ಗಂಡುಬೀರಿ ಆದೀ ಏನವ್ವಾ?"

"ನಿಮ್ಮ ಬೆಲಿ ಹೇಳ್ರಿ ಸಾವುಕಾರ್ರ. ನಾ ಏನಾದೆ ಅಂತ ಆಮ್ಯಾಲ ನೋಡೂಣು."

ಬೆಲೆ ಕುದುರಿತು. ಹೆಸರೂ ಅಂಟಿತು.

ಅದೇ ಊರಿನ ಗೌಡರ ಮನೆಯ ಮುದುಕಿ ಹೊಲದಲ್ಲಿ ನಿಂತು ಆಳುಗಳಿಗೆ ಗದರುತ್ತಿದ್ದಳು, ಹೊಲವನ್ನು ಲಾವಣಿಗೆ, ಅಂದರೆ ಗೇಣಿಗೆ, ಕೊಡುತ್ತಿದ್ದಳು, ಬಿಡಿಸಿಕೊಳ್ಳುತ್ತಿದ್ದಳು. ಆಕೆಗೆ ಎಲ್ಲರೂ ಗಟ್ಟಿಗಿತ್ತಿ ಎನ್ನುತ್ತಿದ್ದರು. ಮನೆ ನೋಡಿ ಹೆಸರು ಇಡುತ್ತಿದ್ದರು ಅಷ್ಟೆ. ಬಾವಿಕಟ್ಟೆಯ ಮೇಲೆ ಹೆಂಗಸರು ಅತ್ತೆಯ ಕಿವಿಯ ಹತ್ತಿರ ಬಂದು, "ಛೊಲೊ ಮಾಡಿದಿ ಯಕ್ಕಾ" ಎನ್ನುವರು. ಅತ್ತ ಯಾರಾದರೂ ಬರುವುದು ಕಂಡರೆ ಸಾಕು, "ನಾವೇನ್ ಈಕಿ ಹಂಗಲ್ಲವ್ವಾ" ಎಂದು ಕೊಡ ಎತ್ತುವರು. ಅತ್ತೆ ಅದಕ್ಕೆ ನಗುತ್ತಿದ್ದಳು. ಮಗಳ ಮದುವೆಯ ಮಾತು ಎದ್ದಾಗ ಮಾತ್ರ ಆ ನಗೆ ನಿಂತಿತು. ಕೇಳಲು ಬಂದವರೆಲ್ಲ ಊರ ಬಾಗಿಲಲ್ಲೇ ಆ ಹೆಸರು ಕೇಳಿ ತಿರುಗಿ ಹೋದರು.

ಆ ಹುಡುಗಿಯನ್ನೇ ಮದುವೆಯಾಗುತ್ತೇನೆ ಎಂದು ನಾನು ನಮ್ಮ ಅವ್ವನ ಮುಂದೆ ಹಟ ಹಿಡಿದೆ.

"ಗಂಡುಬೀರಿ ಮಗಳು ಬ್ಯಾಡ" ಎಂದಳು ಅವ್ವ. "ನಮ್ಮನಿಗಿ ಬಂದು ಒಲಿ ಹಚ್ಚತಾಳೋ, ಮೀಸಿ ಹಚ್ಕೋತಾಳೋ?"

"ಒಂದ್ ಸಲ ನೋಡಿ ಬಾ ಯವ್ವಾ."

"ನೋಡಿ ಬರ್ತೀನಿ. ಆಮ್ಯಾಲ ನೀ ಬಾಯಿ ಮುಚ್ಚಬೇಕು."

ಅವ್ವ ನನ್ನ ಬಂಡಿಯಲ್ಲೇ ಕಮಲಾಪುರಕ್ಕೆ ಬಂದಳು. ಅತ್ತೆ ಚುರುಮುರಿ, ಬಾಳೆಹಣ್ಣು ಮುಂದಿಟ್ಟು ಎದುರಿಗೆ ಕೂತಳು. ಅವ್ವ ಹಣ್ಣು ಮುಟ್ಟಲಿಲ್ಲ.

"ನಿಮಗ ಮಂದಿ ಏನೋ ಅಂತಾರಂತಲ್ರೀ?"

"ಗಂಡುಬೀರಿ ಅಂತಾರ್ರೀ. ಹೊಟ್ಟ್ಯಾಗ ಇಟ್ಕೊಂಡು ಯಾಕ ಕೂಡ್ತೀರಿ, ಕೇಳ್ರಿ."

"ಅಂಥಾದ್ ಏನ್ ಮಾಡೀರಿ?"

ಅತ್ತೆ ವಸ್ತ್ರ ಕಿತ್ತದ್ದು, ಬೆಲೆ ಕೂಗಿದ್ದು ಹೇಳಿದಳು. ಅವ್ವ ಇನ್ನೂ ಕಾಯುತ್ತ ಕೂತಿದ್ದಳು.

"ಮುಂದ?"

"ಮುಂದೇನಿಲ್ರೀ."

"ಅಷ್ಟಕ್ಕ?"

"ಅಷ್ಟಕ್ಕ."

ಅವ್ವ ಮುಂದಿದ್ದ ಹಣ್ಣೊಂದನ್ನು ಕೈಗೆತ್ತಿಕೊಂಡಳು. ಆಮೇಲೆ ತಗ್ಗಿದ ದನಿಯಲ್ಲಿ, "ಕೂಗುಮುಂದ ದನಿ ನಡುಗಲಿಲ್ಲೇನ್ರೀ?" ಎಂದಳು.

"ನಡುಗಿತ್ರೀ. ಅದಕ್ಕ ಎರಡ್ ಸಲ ಕೂಗಿದೆ."

ಅವ್ವ ನಕ್ಕಳು. ನಗುತ್ತಲೇ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನಾನಿನ್ನೂ ಸಣ್ಣವನಿದ್ದಾಗ, ನಮ್ಮ ಅಪ್ಪ ಸತ್ತ ವರ್ಷ, ಮನೆಯ ಜೋಡೆತ್ತು ಮಾರಿದ್ದರು. ಅಪ್ಪನ ತಮ್ಮ, ನಮ್ಮ ಕಾಕಾ, ಕೂತು ವಸ್ತ್ರದ ಕೆಳಗೆ ಬೆಲೆ ಮಾಡಿದ್ದ. "ನಾ ಬಾಗಲ ಹಿಂದ ನಿಂತಿದ್ದೆ. ಎತ್ತು ಹೋದವು. ಎಷ್ಟಕ್ಕ ಹೋದವು ಅಂತ ಇವತ್ತಿನ ತನಕ ನನಗ ಗೊತ್ತಿಲ್ರೀ." ಈ ಮಾತನ್ನು ಅವ್ವ ನನಗೂ ಎಂದೂ ಹೇಳಿರಲಿಲ್ಲ.

ಏಳುವಾಗ ಅತ್ತೆಯ ಕೈ ಹಿಡಿದು, "ನಿಮ್ಮ ಮಗಳನ್ನ ನಮ್ಮನಿಗಿ ಕೊಡ್ರಿ. ಮಂದಿ ಕೇಳಿದ್ರ ನಿಮಗ ಗಟ್ಟಿಗಿತ್ತಿ ಅಂತೀನಿ" ಎಂದಳು.

"ಹೆಸರು ಯಾಕ ಬದಲಿ ಮಾಡ್ತೀರಿ ಬೀಗತೆವ್ವಾ? ನಾ ಏನ್ ಮಾಡೀನಿ ಅಷ್ಟು ಹೇಳ್ರಿ, ಸಾಕು."

ಮದುವೆಗೆ ಕಾಕಾ ಬರಲಿಲ್ಲ. ನಮ್ಮ ಕಡೆಯ ಇನ್ನೂ ಕೆಲವರು ಬರಲಿಲ್ಲ. ಬಂದವರಲ್ಲಿ ಯಾರಾದರೂ ಮೂಗು ಮುರಿದರೆ ಅವ್ವ ಜಗಳಕ್ಕೆ ನಿಲ್ಲಲಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡು ವಸ್ತ್ರದ ಕತೆ ಮೊದಲಿನಿಂದ ಹೇಳಿದಳು. ಕೇಳಿದವರಲ್ಲಿ ಕೆಲವರು ಸುಮ್ಮನಾದರು, ಕೆಲವರು ಆಗಲಿಲ್ಲ.

ಅತ್ತೆ ಒಂದು ಬೇಸಿಗೆಯಲ್ಲಿ ಜ್ವರ ಬಂದು ತೀರಿಕೊಂಡಳು. ತೋಟದ ಅಂಚಿನಲ್ಲೇ ಮಣ್ಣು ಕೊಟ್ಟೆವು. ಆ ಸಾವುಕಾರನೂ ಬಂದಿದ್ದ, ಮುದುಕನಾಗಿದ್ದ. "ಗಟ್ಟಿಗಿತ್ತಿ ಇದ್ದಳು ಬಿಡ್ರಿ" ಎಂದು ಗಂಡಸರ ಗುಂಪಿನಲ್ಲಿ ಹೇಳಿದ. ಎಲ್ಲರೂ ತಲೆಯಾಡಿಸಿದರು.

ಹೆಂಗಸರ ನಡುವಿನಿಂದ ನಮ್ಮ ಅವ್ವ ಎದ್ದು ನಿಂತಳು.

"ಜೀವ ಇದ್ದಾಗ ಅನ್ನಬೇಕಿತ್ತಲ್ರೀ ಸಾವುಕಾರ್ರ."

ಪರಗಂಡಸಿನ ಎದುರು ಅವ್ವ ದನಿ ತೆಗೆದದ್ದನ್ನು ನಾನು ಕೇಳಿದ್ದು ಅದೇ ಮೊದಲು.