ಹಕ್ಕಿ ಕಾಯುವ ಕೆಲಸ

ಸುಗಲಮ್ಮನ ಲೆಕ್ಕದಲ್ಲಿ ಹಕ್ಕಿ ಅಂದರೆ ಕಳ್ಳ. ಅದರಲ್ಲಿ ಎರಡನೇ ಮಾತಿರಲಿಲ್ಲ. ರಾಯಚೂರು ಸೀಮೆಯ ಎರೆಹೊಲದಲ್ಲಿ ಬಿಳಿಜೋಳದ ತೆನೆ ಹಾಲು ತುಂಬುವ ಹೊತ್ತಿಗೆ ಹಿಂಡುಗಟ್ಟಿ ಇಳಿದು, ನಾವು ಎಲೆ ಅಡಿಕೆ ಹಾಕಿಕೊಳ್ಳುವಷ್ಟರಲ್ಲಿ ಒಂದು ಮಗ್ಗುಲು ಬೋಳಿಸಿ ಹೋಗುವ ಜೋಳದ ಹಕ್ಕಿಗಳಿವೆಯಲ್ಲ, ಅವುಗಳ ಮೇಲಿದ್ದಷ್ಟು ಸಿಟ್ಟು ಅವಳಿಗೆ ಅತ್ತೆಯ ಮೇಲೂ ಇರಲಿಲ್ಲ. ಚಿಕ್ಕಂದಿನಿಂದ ಅಟ್ಟಣಿಗೆಯ ಮೇಲೆ ನಿಂತು, ಕವಣೆ ಬೀಸಿ, ತಗಡು ಬಡಿದು, ಗಂಟಲು ಹರಿದುಕೊಂಡವಳು. ಅಣ್ಣನ ಮದುವೆಯ ದಿನವೂ ಇವಳು ಹೊಲದಲ್ಲೇ. ಅಕ್ಕಿಕಾಳು ಬೀಳುವಾಗಿನ ಬಾಜಾ ದೂರದಿಂದ ಕೇಳಿಸಿದ್ದೇ ಅವಳ ಪಾಲಿನ ಮದುವೆ. ಆಮೇಲೆ ಹೋಳಿಗೆ ತಂದುಕೊಟ್ಟರು, ಅದು ಬೇರೆ ಮಾತು.

ಆ ಸೀಮೆಯಲ್ಲಿ ಈ ಕೆಲಸಕ್ಕೆ ‘ಹಕ್ಕಿ ಕಾಯೋದು’ ಎನ್ನುತ್ತಾರೆ. ಕಾಯುವುದು ಜೋಳವನ್ನು, ಓಡಿಸುವುದು ಹಕ್ಕಿಯನ್ನು. ಹೆಸರು ಮಾತ್ರ ಹಕ್ಕಿ ಕಾಯೋದು. ಹೀಗೇಕೆ ಎಂದು ಯಾರೂ ಕೇಳಿದವರಿಲ್ಲ. ಎಲ್ಲರಿಗೂ ಗೊತ್ತಿರುವ ಮಾತಿಗೆ ಅರ್ಥ ಕೇಳುವ ಅಧಿಕಪ್ರಸಂಗಿ ಹಳ್ಳಿಯಲ್ಲಿ ಎಲ್ಲಿರುತ್ತಾನೆ?

ಗಂಡ ತಾಯಪ್ಪ ಗಾರೆ ಕೆಲಸದವನು. ಅವನ ಹಿಂದೆ ಕಾಚಿಗೂಡ ಸ್ಟೇಷನ್ನಿನಲ್ಲಿ ಇಳಿದಾಗ ಸುಗಲಮ್ಮನಿಗಿದ್ದ ಒಂದೇ ಸಮಾಧಾನವೆಂದರೆ ಇನ್ನು ಹಕ್ಕಿಯ ಸಹವಾಸ ತಪ್ಪಿತು ಎಂಬುದು. ಹೈದರಾಬಾದಿನಲ್ಲಿ ಆಗ ಕಂಪ್ಯೂಟರ್ ಕಂಪನಿಗಳ ಸುಗ್ಗಿ. ನಿನ್ನೆ ಬಂಡೆ ಇದ್ದಲ್ಲಿ ಇವತ್ತು ಗಾಜಿನ ಕಟ್ಟಡ. ಅಂಥ ಒಂದು ಕಟ್ಟಡಕ್ಕೆ ಬುಡದಿಂದ ತುದಿಯವರೆಗೂ ಸಿಮೆಂಟಿನ ಪುಟ್ಟಿ ಹೊತ್ತವಳು ಅವಳು. ಕಟ್ಟಡ ಎದ್ದು ನಿಂತಿತು, ಅವಳ ಎಡಮೊಣಕಾಲು ಕೂತುಬಿಟ್ಟಿತು. ಗಾಜು ಕೂರಿಸುವ ಹೊತ್ತಿಗೆ ಮೆಟ್ಟಿಲು ಕಂಡರೆ ಅಳು ಬರುವಂತಾಗಿತ್ತು.

ಆಳುಗಳನ್ನು ಊರಿಂದ ಕರೆತಂದಿದ್ದವನು ಲಿಂಗಣ್ಣ ಮೇಸ್ತ್ರಿ, ಅವರ ಸೀಮೆಯವನೇ. “ಯುಗಾದಿ ಮುಂಚೆ ಲಾರಿ ಬರ್ತೈತಿ. ಎಲ್ಲಾರೂ ಜೀಡಿಮೆಟ್ಲಾಕ್ಕ. ಅಲ್ಲಿ ಫ್ಯಾಕ್ಟರಿ ಕಟ್ಟೋದೈತಿ” ಎಂದು ಹೇಳಿಬಿಟ್ಟ.

“ನಂಗ ಪುಟ್ಟಿ ಹೊರಾಕ ಆಗಂಗಿಲ್ಲಣ್ಣ” ಎಂದಳು ಸುಗಲಮ್ಮ.

“ಹೊರಲಿಲ್ಲಂದ್ರ ಇರಾಕ ಶೆಡ್ ಹ್ಯಾಂಗ ಕೊಡ್ತಾರವ್ವ?”

ಲಿಂಗಣ್ಣ ಕೆಟ್ಟವನಲ್ಲ. ಆದರೆ ಅವನ ತಲೆಯ ಮೇಲೂ ಒಬ್ಬ ಕೂತಿದ್ದ.

ಆ ಕಂಪನಿಯ ಆವರಣದ ಹಿಂಬದಿಗೆ ಒಂದು ಹಳೇ ಕೆರೆ ಇತ್ತು, ತೆಲುಗಿನವರು ಕುಂಟ ಎನ್ನುತ್ತಿದ್ದರು. ನಡುವೆ ನಾಲ್ಕು ಬಂಡೆ, ಒಂದಿಷ್ಟು ಜಾಲಿಮರ, ಒಂದು ಹುಣಸೆ, ಇಷ್ಟೇ ಇರುವ ದಿಬ್ಬ. ನಡುಗಡ್ಡೆ ಎಂದು ಕರೆದರೆ ಅದಕ್ಕೇ ನಾಚಿಕೆಯಾಗಬೇಕು, ಅಷ್ಟು ಸಣ್ಣದು. ಆದರೂ ಶಿವರಾತ್ರಿ ಕಳೆದು ಬಿಸಿಲು ಏರತೊಡಗಿದರೆ ಉತ್ತರಕ್ಕೆ ಹೊರಟ ಹಕ್ಕಿಗಳಿಗೆ ಅದೇ ತಂಗುದಾಣ. ಕಂಪನಿಯಲ್ಲಿ ಕೆಲಸಕ್ಕಿದ್ದ ಮೈಸೂರಿನ ಹುಡುಗಿ ಮಧುರಾ ದುರ್ಬೀನು ಕೊರಳಿಗೆ ನೇತುಹಾಕಿಕೊಂಡು ದಿನಾ ಬೆಳಿಗ್ಗೆ ಆ ದಂಡೆಯಲ್ಲಿ ನಿಲ್ಲುತ್ತಿದ್ದಳು. ಬಲೆ ಬೀಸುವವರು, ಬೀದಿನಾಯಿಗಳು, ಬಾಟಲಿ ತಂದು ಕೂರುವವರು, ಇವರನ್ನೆಲ್ಲ ದೂರವಿಡಲು ಒಬ್ಬರು ಬೇಕೆಂದು ಮೇಲಿನವರಿಗೆ ಗಂಟುಬಿದ್ದಿದ್ದಳು. ಅವರು ಅರೆಮನಸ್ಸಿನಿಂದ ಒಪ್ಪಿದರು. ಯುಗಾದಿಗೆ ಮುಂಚೆ ದೊಡ್ಡ ಸಾಹೇಬರು ಬಂದು ನೋಡುತ್ತಾರೆ. ಹಕ್ಕಿ ಇದ್ದರೆ ದಿಬ್ಬ ಹಕ್ಕಿಗೆ, ಕಾವಲಿನವರಿಗೆ ಖಾಯಂ ಕೆಲಸ, ಇರಲು ಪಂಪ್‌ಹೌಸಿನ ಪಕ್ಕದ ಕೋಣೆ. ಇಲ್ಲದಿದ್ದರೆ ದಿಬ್ಬಕ್ಕೊಂದು ಸೇತುವೆ, ಮೇಲೊಂದು ಚಹಾದ ಮಂಟಪ.

ಕನ್ನಡ ಮಾತಾಡುವ ಹೆಂಗಸು ಕಂಡದ್ದೇ ಮಧುರಾಗೆ ತವರಿನವರು ಸಿಕ್ಕಷ್ಟು ಖುಷಿಯಾಯಿತು.

“ಬೆಳಿಗ್ಗೆ ಸಂಜೆ ಇಲ್ಲಿ ಕೂತು ಹಕ್ಕಿ ಕಾಯೋ ಕೆಲಸ ಅಮ್ಮ. ಮಾಡ್ತೀರಾ?”

ಸುಗಲಮ್ಮನಿಗೆ ನಗು ತಡೆಯಲಾಗಲಿಲ್ಲ. ಇಷ್ಟು ದೊಡ್ಡ ಪಟ್ಟಣಕ್ಕೆ ಬಂದರೂ ಹಣೆಬರಹ ಹಿಂದೆಯೇ ಬಂತಲ್ಲ. ಆದರೂ ಕೂತು ಮಾಡುವ ಕೆಲಸ, ಪುಟ್ಟಿ ಇಲ್ಲ, ಮೆಟ್ಟಿಲಿಲ್ಲ. “ಹುಟ್ಟಿದಾಗಿಂದ ಅದನ್ನ ಮಾಡೀನವ್ವ. ನೀವು ನಿಶ್ಚಿಂತಿ ಇರ್ರಿ” ಎಂದಳು. ಮಧುರಾ ನಿಶ್ಚಿಂತೆಯಿಂದ ಅಕ್ಕನ ಮದುವೆಗೆಂದು ಒಂದು ವಾರ ಮೈಸೂರಿಗೆ ಹೋದಳು.

ಆ ವಾರ ಸುಗಲಮ್ಮ ದುಡಿದ ದುಡಿತವನ್ನು ಅವಳ ಊರಿನ ಗೌಡರು ನೋಡಿದ್ದರೆ ಕರೆದು ಸೀರೆ ಉಡಿಸುತ್ತಿದ್ದರು. ಹಳೇ ಸೀರೆಯ ಅಂಚು ಹರಿದು ಕವಣೆ ಹೊಸೆದಳು. ಕಟ್ಟಡದ ಜಲ್ಲಿಯಲ್ಲಿ ದುಂಡನೆಯವನ್ನು ಆರಿಸಿ ಉಡಿ ತುಂಬಿಕೊಂಡಳು. ಬಣ್ಣದ ಖಾಲಿ ಡಬ್ಬ ಒಂದು ಸಿಕ್ಕಿತು, ಬಡಿಯಲು ಹೇಳಿ ಮಾಡಿಸಿದ್ದು. ಬೆಳಕು ಹರಿಯುವುದೇ ತಡ, “ಹೋ... ಹೋಯ್” ಎಂದು ದಂಡೆಯ ಈ ತುದಿಯಿಂದ ಆ ತುದಿಗೆ ಕುಂಟುತ್ತಲೇ ಓಡಾಡಿದಳು. ಕಲ್ಲು ಬೇಕೆಂದ ಕೊಂಬೆಗೇ ಹೋಗಿ ಬೀಳುತ್ತಿತ್ತು. ಜೋಳದ ಹಕ್ಕಿಗಳನ್ನು ಕಂಡಾಗ ಮಾತ್ರ ಅವಳಿಗೆ ಒಂದು ನಿಮಿಷ ಮೈ ಉರಿಯಿತು. “ಇಲ್ಲೀಗೂ ಬಂದ್ರೇನು?” ಎಂದು ಹಲ್ಲು ಕಡಿದು ಅವಕ್ಕೆ ಎರಡೆರಡು ಕಲ್ಲು ಹೆಚ್ಚಿಗೆ ಕೊಟ್ಟಳು. ವಾರ ಮುಗಿಯುವ ಹೊತ್ತಿಗೆ ದಿಬ್ಬದ ಮೇಲೆ ಒಂದು ಕಾಗೆಯೂ ಇರಲಿಲ್ಲ.

ಮಧುರಾ ಊರಿಂದ ಬಂದವಳೇ ಲಾಡು ಚಕ್ಕುಲಿ ಹಿಡಿದುಕೊಂಡು ನೇರ ದಂಡೆಗೆ ಬಂದಳು. ಸುಗಲಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದು ನಿಂತಳು.

“ಒಂದೂ ಬಿಟ್ಟಿಲ್ಲವ್ವ. ಕರೇವು ಹೋದ್ವು, ಬಿಳೇವು ಹೋದ್ವು, ಆ ಹಾಳು ಜ್ವಾಳದ ಹಕ್ಕಿ ಭಾಳ ಕಾಡಿದ್ವು, ಅವೂ ಹೋದ್ವು. ಆದ್ರ ಒಂದ್ ಮಾತ ಕೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ಇಲ್ಲಿ ಬೆಳಿ ಎಲ್ಲೈತಿ?”

ಮಧುರಾ ದುರ್ಬೀನು ಕಣ್ಣಿಗೆ ಹಿಡಿದಳು, ಇಳಿಸಿದಳು, ಮತ್ತೆ ಹಿಡಿದಳು. ಕವಣೆ ನೋಡಿದಳು, ಡಬ್ಬ ನೋಡಿದಳು. ಆಮೇಲೆ ಅಲ್ಲೇ ಕಲ್ಲಿನ ಮೇಲೆ ಕುಸಿದು ಕೂತು ನಗತೊಡಗಿದಳು, ನಗುತ್ತಲೇ ಕಣ್ಣು ಒರೆಸಿಕೊಂಡಳು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಗಾದೆ ಇದೆಯಲ್ಲ, ಇಲ್ಲಿ ಇಬ್ಬರೂ ಆಡಿದ್ದು ಕನ್ನಡವೇ.

“ಕಾಯೋದು ಅಂದ್ರೆ ನೋಡ್ಕೊಳ್ಳೋದು ಅಮ್ಮ. ಮಗೂನ ಕಾಯ್ತೀವಲ್ಲ, ಹಾಗೆ.”

“ಹಕ್ಕೀನ?”

“ಹಕ್ಕೀನ.”

ಸುಗಲಮ್ಮ ಕವಣೆಯನ್ನು ಸೆರಗಿನಡಿ ಮುಚ್ಚಿಕೊಂಡಳು. ಹಕ್ಕಿಯನ್ನು ಹೀಗೂ ಕಾಯುತ್ತಾರೆಂದು ಯಾರಾದರೂ ಕನಸು ಕಾಣುತ್ತಾರೆಯೇ? ಸಾಹೇಬರು ಬರುವ ದಿನ, ಖಾಲಿ ದಿಬ್ಬ, ಜೀಡಿಮೆಟ್ಲಾದ ಲಾರಿ, ಮೂರೂ ಒಟ್ಟಿಗೆ ಕಣ್ಣಮುಂದೆ ಬಂದವು. ಕೆಲಸ ಹೋಗುತ್ತದೆಂಬ ಭಯ ಒಂದಾದರೆ, ಈ ಹುಡುಗಿಯ ಕಣ್ಣಲ್ಲಿ ನೀರು ತರಿಸಿದೆನಲ್ಲ ಎಂಬ ಸಂಕಟ ಇನ್ನೊಂದು. ಸಂಜೆ ತಾಯಪ್ಪನಿಗೆ ಹೇಳಿದರೆ ಅವನು ಬಿದ್ದು ಬಿದ್ದು ನಕ್ಕ. “ಗಣಪ್ಪನ್ನ ಮಾಡಂದ್ರ ಅವರಪ್ಪನ್ನ ಮಾಡಿ ಬಂದೀ ನೀ” ಎಂದ. ಅವನ ತಟ್ಟೆಗೆ ರೊಟ್ಟಿ ಕುಕ್ಕಿದ ರೀತಿ ನೋಡಿ ಆಮೇಲೆ ಸುಮ್ಮನಾದ.

ಮರುದಿನದಿಂದ ಸುಗಲಮ್ಮ ಹಕ್ಕಿಯ ಹಾದಿ ಕಾಯತೊಡಗಿದಳು. ಕವಣೆ ಒಲೆಗೆ ಹೋಯಿತು. ಮಣ್ಣುಬಣ್ಣದ ಗೋಣಿತಾಟು ಹೊದ್ದು, ದಂಡೆಯ ಹೊಂಗೆಯ ಬುಡದಲ್ಲಿ ಕೆಮ್ಮನ್ನೂ ನುಂಗಿಕೊಂಡು ಕೂತಳು. ನಾಯಿ ಬಂದರೆ ಕಣ್ಣಲ್ಲೇ ಗದರಿಸಿದಳು, ಬಲೆಯವರು ಬಂದರೆ ಎದ್ದು ಹೋಗಿ ಮೆಲ್ಲಗೆ ಜಗಳವಾಡಿದಳು. ಮೆಲ್ಲಗೆ ಜಗಳವಾಡುವುದು ಅವಳಿಗೆ ಹಕ್ಕಿ ಕಾಯುವುದಕ್ಕಿಂತ ಕಷ್ಟವಾಯಿತು. ಹಕ್ಕಿಗಳೋ, ಅತ್ತ ಸುಳಿಯಲೇ ಇಲ್ಲ. “ಬ್ಯಾಡಂದಾಗ ಮೈಮ್ಯಾಲ ಬೀಳ್ತಿದ್ರಿ. ಈಗ ಬರ್ರಿ ಅಂದ್ರ ಒಬ್ರಿಗೂ ಪುರುಸೊತ್ತಿಲ್ಲ” ಎಂದು ಖಾಲಿ ಆಕಾಶವನ್ನು ಬೈದಳು.

ಮೊದಲು ಬಂದದ್ದು ಟಿಟ್ಟಿಭ. ಬಂದದ್ದೇ ಇವಳನ್ನು ವಾಚಾಮಗೋಚರ ಬೈಯಿತು. ಬೈಸಿಕೊಳ್ಳುವುದು ನ್ಯಾಯವೇ ಎಂದು ಸುಗಲಮ್ಮ ತಲೆ ತಗ್ಗಿಸಿ ಕೂತಳು. ಮಾರನೆಯ ದಿನ ನೀರುಕಾಗೆಗಳು ಬಂದು ಬಂಡೆಯ ಮೇಲೆ ಅಂಗಿ ಒಣಹಾಕಿದಂತೆ ರೆಕ್ಕೆ ಬಿಚ್ಚಿ ನಿಂತವು. ಆಮೇಲೆ ಕೆಂಪು ಕಡ್ಡಿಯಂಥ ಕಾಲಿನ ಉದ್ದನೆಯ ಹಕ್ಕಿಯೊಂದು ನೀರಿನ ಅಂಚಿನಲ್ಲಿ ಸೀರೆ ನೆನೆಯಬಾರದೆಂಬಂತೆ ನಡೆದಾಡಿತು. ಊರಿನಲ್ಲಿ ಗದಿಗೆಮ್ಮ ಎಂಬವಳು ಹೀಗೆಯೇ ನಡೆಯುತ್ತಿದ್ದಳು, ಆದ್ದರಿಂದ ಅದು ಗದಿಗೆಮ್ಮನೇ ಆಯಿತು. ದಿನಾ ಬೆಳಿಗ್ಗೆ ಮಧುರಾ ಬಂದರೆ ಸುಗಲಮ್ಮ ವರದಿ ಒಪ್ಪಿಸುತ್ತಿದ್ದಳು. “ಇವತ್ತ ಗದಿಗೆಮ್ಮ ತಂಗೀನ ಕರ್ಕೊಂಡ್ ಬಂದಾಳ. ಹುಣಸಿ ಬುಡಕ್ಕ ಉಡ ಬಿಸಿಲು ಕಾಯಾಕತ್ತೈತಿ. ಬಾಲ ಕುಣಿಸೋ ಸಣ್ಣಕಿ ನಿನ್ನಿನೇ ಹೊಂಟು ಹೋದ್ಲು, ಹೇಳಲೂ ಇಲ್ಲ.”

ಎಲ್ಲಿಗೆ ಹೋಗುತ್ತವೆಂದು ಮಧುರಾ ಹೇಳಿದಳು. ಹಿಮದ ಬೆಟ್ಟದ ಆಚೆಯ ತಂಪು ನಾಡಿಗೆ, ಮೊಟ್ಟೆ ಇಡಲು. “ನಮ್ಮ ಆಫೀಸಲ್ಲಿ ಎಲ್ರೂ ವೀಸಾಗೆ ಒದ್ದಾಡ್ತಿದಾರೆ. ಇವಕ್ಕೆ ಅದೂ ಬೇಡ.”

“ಅಂದ್ರ ಇವು ಬಾಣಂತನಕ್ಕ ತವರಿಗೆ ಹೊಂಟಾವ” ಎಂದಳು ಸುಗಲಮ್ಮ. ಆ ಮಾತು ಬಾಯಿಂದ ಬಂದ ಮೇಲೆ ಜೋಳದ ಹಕ್ಕಿಗಳಿಗೆ ಹೊಟ್ಟೆ ತುಂಬ ಜೋಳ ಯಾಕೆ ಬೇಕಿತ್ತು ಎಂಬುದು ಅವಳಿಗೆ ಆಗ ಹೊಳೆಯಿತು.

ಜೋಳದ ಹಕ್ಕಿಗಳು ಬಂದದ್ದು ಎಲ್ಲಕ್ಕಿಂತ ಕೊನೆಗೆ. ಒಂದು ಸಂಜೆ ಸಣ್ಣ ಗುಂಪು ಬಂದು, ದಿಬ್ಬವನ್ನು ಸುತ್ತುಹಾಕಿ, ಅನುಮಾನಪಟ್ಟು ಹಿಂದಿರುಗಿತು. ಸುಗಲಮ್ಮ ಉಸಿರನ್ನೂ ಬಿಡಲಿಲ್ಲ. ಮರುಸಂಜೆ ಹೆಚ್ಚು ಬಂದವು, ಇಳಿದವು. ಅದರ ಮರುಸಂಜೆ ಆಕಾಶವೇ ಕಪ್ಪಾಗಿ ಜಾಲಿಮರಗಳು ಬಾಗಿದವು. ಒಂದು ಹಕ್ಕಿ ಅವಳ ತಲೆಯ ಮೇಲಿನ ಹೊಂಗೆಯ ಕೊಂಬೆಗೇ ಬಂದು ಕೂತಿತು. ಇಳಿಬಿಸಿಲು ಅದರ ಎದೆಯ ಮೇಲೆ ಬಿದ್ದಿತ್ತು.

“ಇದು ಗುಲಾಬಿ ಐತಿ” ಎಂದಳು ಸುಗಲಮ್ಮ, ಪಕ್ಕದಲ್ಲಿದ್ದ ಮಧುರಾಗೆ. “ನಾ ಕರೇವು ಅಂತ ತಿಳ್ಕೊಂಡಿದ್ದೆ.”

ಅಷ್ಟು ಸುಗ್ಗಿ ಅವುಗಳ ಹಿಂದೆ ಓಡಿದ್ದರೂ ಅವಳು ಕಂಡದ್ದು ಬಿಸಿಲಿಗೆ ಎದುರಾಗಿ ಏಳುವ ಕರೀ ಮೋಡವನ್ನಷ್ಟೇ. ಒಂದನ್ನೂ ಕೂತಲ್ಲಿ ಕೂರಲು ಬಿಟ್ಟವಳಲ್ಲ, ಬಣ್ಣ ಎಲ್ಲಿಂದ ಕಾಣಬೇಕು. ಅವಳಿಗೆ ನಾಚಿಕೆಯೂ ಆಯಿತು, ಖುಷಿಯೂ ಆಯಿತು.

ಸಾಹೇಬರು ಬಂದದ್ದು ನಸುಕಿನಲ್ಲಿ. ಅದೇ ದಿನ ಲಾರಿಯೂ ಬಂದು ಗೇಟಿನ ಹೊರಗೆ ನಿಂತಿತ್ತು. ಏನಾಗುತ್ತದೋ ಎಂದು ತಾಯಪ್ಪ ಗಂಟು ಪಾತ್ರೆ ಎಲ್ಲ ಅದರಲ್ಲಿ ಹೇರಿಟ್ಟು ಕೂತಿದ್ದ. ಸುಗಲಮ್ಮನನ್ನು ಕರೆಯಲು ಬಂದ ಲಿಂಗಣ್ಣ ದಂಡೆಯ ಮೇಲೆ ದೊಡ್ಡವರನ್ನು ಕಂಡು ಪಕ್ಕಕ್ಕೆ ಸರಿದು ನಿಂತ. ಸಾಹೇಬರು ತೆಲುಗಿನವರು, ನರೆತ ತಲೆ, ಮಾತು ಕಡಿಮೆ. ಅವರ ಜೊತೆ ಮಧುರಾ ಮತ್ತು ದೊಡ್ಡ ಕ್ಯಾಮೆರಾ ಹಿಡಿದ ಒಬ್ಬ ಇದ್ದರು. ದಿಬ್ಬದ ಮರಗಳಲ್ಲಿ ಎಲೆಗಿಂತ ಹಕ್ಕಿಗಳೇ ಹೆಚ್ಚಿದ್ದವು, ಎಲ್ಲ ಇನ್ನೂ ಮುದುಡಿ ಕೂತಿದ್ದವು.

ಕ್ಯಾಮೆರಾದವನು ಸುಗಲಮ್ಮನ ಕಡೆ ತಿರುಗಿದ. “ಅಮ್ಮಾ, ಜರಾ ಉಡಾವ್ ನಾ ಉನ್ಕೊ. ಏಕ್ ಫತ್ತರ್ ಮಾರ್ ದೇವ್. ಸಾಬ್ ದೇಖ್ತೇ.” ಒಂದು ಕಲ್ಲು ಹೊಡೆದು ಹಾರಿಸಲಿ, ನೋಡೋಣ ಎಂಬಂತೆ ಸಾಹೇಬರೂ ತಲೆಯಾಡಿಸಿದರು.

ಒಂದೇ ಕಲ್ಲು ಸಾಕಿತ್ತು. ಯಾವ ಕೊಂಬೆಗೆ ಬಿದ್ದರೆ ಇಡೀ ಹಿಂಡು ಒಮ್ಮೆಗೇ ಏಳುತ್ತದೆಂದು ಅವಳ ತೋಳಿಗೆ ಗೊತ್ತಿತ್ತು. ಲಿಂಗಣ್ಣ ದೂರದಿಂದಲೇ ಕಣ್ಣುಸನ್ನೆ ಮಾಡಿದ, ಹಾರಿಸು ಮಾರಾಯ್ತಿ, ಕೆಲಸ ಉಳಿಸಿಕೋ ಎಂಬಂತೆ. ಸುಗಲಮ್ಮನಿಗೆ ಜೀಡಿಮೆಟ್ಲಾದ ಮೆಟ್ಟಿಲುಗಳು ನೆನಪಾದವು. ಮೊಣಕಾಲು ತಾನಾಗಿಯೇ ನೊಂದಿತು. ಅವಳಿಗೆ ನಿಜವಾಗಿ ಹೆದರಿಕೆಯಾಯಿತು.

“ಇಲ್ಲರಿ” ಎಂದಳು. “ಎಬ್ಬಿಸಂಗಿಲ್ಲ. ಭಾಳ ದೂರ ಹೋಗೋವು ಅವು.”

“ಏ ಸುಗಲವ್ವ, ಸಾಹೇಬ್ರು ಅದಾರ” ಎಂದು ಲಿಂಗಣ್ಣ ಪಿಸುಗುಟ್ಟಿದ.

“ಇರ್ಲಿ. ಕುಂದ್ರಾಕ ಹೇಳ್ರಿ. ಹೊತ್ತು ಮೂಡಿದ್ ಮ್ಯಾಲ ತಾವಾಗೇ ಏಳ್ತಾವ.”

ಮಧುರಾ ಅದನ್ನು ತೆಲುಗಿಗೆ ತಂದಳು. ಸಾಹೇಬರು ಸುಗಲಮ್ಮನ ಮುಖವನ್ನೇ ನೋಡಿದರು. ಅವಳು ಕಣ್ಣು ತಗ್ಗಿಸಲಿಲ್ಲ. “ಸರೇ, ಕೂರ್ಚುಂಟಾ” ಎಂದು ಅವರು ಇಸ್ತ್ರಿ ಪ್ಯಾಂಟಿನಲ್ಲೇ ಅವಳ ಪಕ್ಕದ ಕಲ್ಲಿನ ಮೇಲೆ ಕೂತುಬಿಟ್ಟರು. ಅವರು ಕೂತ ಮೇಲೆ ಉಳಿದವರೂ ಕೂತರು.

ಗಾಜಿನ ಕಟ್ಟಡದ ಮೇಲಿಂದ ಬೆಳಕು ಇಳಿಯಿತು. ಮೊದಲು ಒಂದು ಮರ ಗುಜುಗುಜು ಎಂದಿತು, ಆಮೇಲೆ ಎಲ್ಲ ಮರಗಳೂ. ಹಿಂಡು ಎದ್ದಿತು. ದಿನಾ ಹೋಗುತ್ತಿದ್ದಂತೆ ಹೊಲಗಳ ಕಡೆಗೆ ಹರಡಿಕೊಳ್ಳಲಿಲ್ಲ. ಮೇಲೆ ಮೇಲೆ ಏರಿ, ಕೆರೆಯನ್ನು ಒಂದು ಸುತ್ತು ಸುತ್ತಿ, ನೇರ ಉತ್ತರಕ್ಕೆ ತಿರುಗಿತು. ರೆಕ್ಕೆಯ ಸಪ್ಪಳ ಅವರ ತಲೆಯ ಮೇಲೆ ಹಾದುಹೋಯಿತು. ಇವು ಇವತ್ತು ಸಂಜೆ ಬರುವುದಿಲ್ಲ ಎಂದು ಸುಗಲಮ್ಮನಿಗೆ ತಿಳಿಯಿತು. ಅವಳಿಗೆ ಅಳು ಬಂತು, ಯಾರಿದ್ದಾರೆಂದು ನೋಡದೆ ಅತ್ತಳು.

“ಹೋಗಿ ಬರ್ರವ್ವ” ಎಂದಳು. “ಜ್ವಾಳದ ಹೊತ್ತಿಗೆ ಬರ್ರಿ.”

ಸಾಹೇಬರು ಮಧುರಾಳನ್ನು ಕೇಳಿದರು, ಏನೆಂದಳು? ಮಧುರಾ ಹೇಳಿದಳು. ಅವರು ಎದ್ದು ಪ್ಯಾಂಟಿನ ಧೂಳು ಕೊಡವಿಕೊಂಡು ತೆಲುಗಿನಲ್ಲಿ ಲಿಂಗಣ್ಣನಿಗೆ ಹೇಳಿದ್ದು ಇಷ್ಟು: ಬನ್ನಿ ಎಂದು ಕರೆದವಳು, ಅವು ಬರುವ ಹೊತ್ತಿಗೆ ಮನೆಯಲ್ಲಿರದಿದ್ದರೆ ಹೇಗೆ?

ಲಿಂಗಣ್ಣ ಗೇಟಿನತ್ತ ಓಡಿದ. ತಾಯಪ್ಪ ಲಾರಿಯಿಂದ ಗಂಟು ಇಳಿಸಿದ, ಪಾತ್ರೆ ಇಳಿಸಿದ, ಕೊನೆಗೆ ತಾನೂ ಇಳಿದ. “ಜೀಡಿಮೆಟ್ಲಾಕ್ಕ ಬಸ್ ಅದಾವ, ನಾ ಹೋಗಿ ಬಂದು ಮಾಡ್ತೀನಿ” ಎಂದು ಮೇಸ್ತ್ರಿಗೆ ಹೇಳಿ, ಗಂಟನ್ನು ತಲೆಯ ಮೇಲಿಟ್ಟುಕೊಂಡು ಪಂಪ್‌ಹೌಸಿನ ಕಡೆ ನಡೆದ.