ಬಟ್ಟಲು ಖಾಲಿಯಾಗಬೇಕು

ಅವಳನ್ನು ನಾವು ಚೆಕಿಂಗ್ ಎಂದೇ ಕರೆಯುತ್ತಿದ್ದೆವು. ಎದುರಿಗಲ್ಲ, ಬೆನ್ನ ಹಿಂದೆ. ಅಂಗಿ ಹೊಲಿಯುವ ಕಾರ್ಖಾನೆಯಲ್ಲಿ ಅವಳದು ಚೆಕಿಂಗ್ ಕೆಲಸ. ಹೊಲಿದು ಬಂದ ಅಂಗಿಯನ್ನು ಟೇಬಲ್ಲಿನ ಮೇಲೆ ಹರಡಿ, ಕಾಲರಿನಿಂದ ಕೆಳಗಿನ ಮಡಿಕೆಯವರೆಗೂ ಬೆರಳಾಡಿಸಿ, ಎಲ್ಲಿ ದಾರ ಬಿಟ್ಟಿದೆ, ಎಲ್ಲಿ ಗುಂಡಿ ವಾರೆಯಾಗಿದೆ ಎಂದು ಹುಡುಕಿ ಹೊಲಿದವರ ಮುಖಕ್ಕೇ ವಾಪಸ್ ಎಸೆಯುವುದು. ಆ ಕಾರ್ಖಾನೆಯ ಹಿಂಬದಿಗೇ ನಮ್ಮ ಶಿಶುವಿಹಾರ. ತಾಯಂದಿರು ಕೆಲಸಕ್ಕೆ ಹೋಗುವಾಗ ಕೂಸುಗಳನ್ನು ನಮ್ಮಲ್ಲಿ ಬಿಡುತ್ತಾರೆ, ಊಟ ನಮ್ಮದು. ನಮ್ಮದು ಎಂದರೆ ನನ್ನದು. ಅಲ್ಲಿ ಅಡುಗೆಯವಳು ನಾನೊಬ್ಬಳೇ.

ಬೇರೆ ತಾಯಂದಿರು ಮಗುವನ್ನು ಆಯಾಳ ಕೈಗೆ ಕೊಟ್ಟು ಸೈರನ್ ಕೂಗುವ ಮೊದಲೇ ಓಡಿಹೋಗುತ್ತಿದ್ದರು. ಇವಳು ಮಾತ್ರ ಸೀದಾ ಅಡುಗೆಮನೆಯ ಬಾಗಿಲಿಗೆ ಬರುತ್ತಿದ್ದಳು. ಏಳು ತಿಂಗಳ ಕೂಸು ಸೊಂಟದ ಮೇಲೆ, ಕಣ್ಣು ನನ್ನ ಪಾತ್ರೆಯ ಮೇಲೆ.

"ನಿನ್ನೆ ಕ್ಯಾರೆಟ್ಟಿನ ಸಿಪ್ಪೆ ತೆಗ್ದಿದ್ರಾ ಅಕ್ಕಾ?"

"ಎಲ್ಲಿ ತೆಗೀಲಮ್ಮ. ಸಿಪ್ಪೆ, ಮಣ್ಣು, ಹುಳ ಎಲ್ಲಾ ಸೇರಿಸೇ ಬೇಯಿಸ್ದೆ."

"ತಮಾಷೆ ಬೇಡ. ತಿನ್ನೋದು ನನ್ನ ಮಗು."

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಮೂರು ಹೆತ್ತು ಸಾಕಿದವಳು ನಾನು, ಆ ಒಲೆಯ ಮುಂದೆ ನಿಂತೇ ತಲೆ ನರೆತಿದೆ, ನಿನ್ನೆ ಮೊನ್ನೆ ತಾಯಾದವಳು ಬಂದು ನನಗೆ ಕ್ಯಾರೆಟ್ ಸುಲಿಯುವುದು ಹೇಳಿಕೊಡುವುದೇ? ಅವಳು ಹೋದ ಮೇಲೆ ಆಯಾಳ ಎದುರು ಅವಳಂತೆ ಕತ್ತು ಓರೆ ಮಾಡಿ ಪಾತ್ರೆ ಮೂಸಿ ತೋರಿಸಿ ನಗಿಸುತ್ತಿದ್ದೆ. ಆದರೆ ಇದ್ದದ್ದು ಇದ್ದಂತೆ ಹೇಳಬೇಕು: ಅವಳ ಲೆಕ್ಕಾಚಾರದಲ್ಲಿ ತಪ್ಪು ಹುಡುಕುವುದು ಕಷ್ಟವಿತ್ತು. ಹೊಸದು ಏನೇ ಆಗಲಿ, ಮೊದಲು ಮನೆಯಲ್ಲಿ, ತನ್ನ ರಜೆಯ ದಿನ, ಒಂದೇ ಒಂದು ಪದಾರ್ಥ. ಮೈಮೇಲೆ ದದ್ದು ಎದ್ದಿತೇ, ಹೊಟ್ಟೆ ಕೆಟ್ಟಿತೇ ಎಂದು ಕಣ್ಣಲ್ಲಿ ಕಣ್ಣಿಟ್ಟು ಕಾದು, ಸರಿ ಎನಿಸಿದ ಮೇಲೆ ನನಗೆ ಬಂದು, "ನಾಳೆಯಿಂದ ಆಲೂಗಡ್ಡೆ ಕೊಡಬಹುದು," ಎನ್ನುತ್ತಿದ್ದಳು. ಅವಳು ಹೂಂ ಅನ್ನುವವರೆಗೆ ಆ ಕೂಸಿನ ಬಟ್ಟಲಿಗೆ ಬೇರೆ ಮಕ್ಕಳ ಊಟ ಬೀಳುವ ಹಾಗಿರಲಿಲ್ಲ.

ಅದಕ್ಕೂ ಕಾರಣವಿತ್ತು. ಕೂಸು ದಿನ ತುಂಬುವ ಮೊದಲೇ ಹುಟ್ಟಿತ್ತು. ಅಂಗೈಯಲ್ಲಿ ಹಿಡಿಯುವಷ್ಟಿತ್ತಂತೆ. ಆಸ್ಪತ್ರೆಯ ಗಾಜಿನ ಪೆಟ್ಟಿಗೆಯ ಈಚೆ ನಿಂತು, ಇದು ಉಳಿದರೆ ಸಾಕು ಎಂದು ಜೀವ ಕೈಯಲ್ಲಿ ಹಿಡಿದು ಕಾದವಳು ಅವಳು. ಹಾಗಾಗಿ ಅವಳಿಗೆ ತೂಕದ್ದೇ ಧ್ಯಾನ. ಹಾಲು ಬಿಡಿಸಿ ಅನ್ನಕ್ಕೆ ಹತ್ತಿಸುವ ಕಾಲದಲ್ಲಿ ಎಷ್ಟು ತಿಂದಿತು ಎನ್ನುವುದೊಂದೇ ಅವಳ ಪ್ರಶ್ನೆ.

"ಇಲ್ಲಿ ಪೂರ್ತಿ ತಿಂತಾಳಾ?" ಎಂದು ಒಂದು ದಿನ ಕೇಳಿದಳು.

"ತಿನ್ನೋದೇನು, ಬಟ್ಟಲು ನೆಕ್ಕಿ ಇಡ್ತಾಳೆ," ಎಂದೆ. ಹೆಮ್ಮೆಯಿಂದಲೇ ಎಂದೆ. ಸುಳ್ಳೂ ಅಲ್ಲ. ಹತ್ತು ಮಕ್ಕಳು ಸಾಲಾಗಿ ಕೂತು ಬಾಯಿ ಬಿಡುವಾಗ ಹನ್ನೊಂದನೆಯದೂ ಬಿಡುತ್ತದೆ. ಆ ಮಾತು ಅವಳ ಮನೆಗೆ ಹೋಗಿ ಏನು ಮಾಡಿತು ಎನ್ನುವುದು ನನಗೆ ಆಮೇಲೆ ಗೊತ್ತಾಯಿತು.

ಸಂಜೆ ಕೂಸನ್ನು ಕರೆದೊಯ್ಯಲು ಬರುತ್ತಿದ್ದವನು ಅವಳ ಮಾವ. ಹಿಂದೆ ಗೋಡೆಗೆ ಬಣ್ಣ ಬಳಿಯುತ್ತಿದ್ದ ಮುದುಕ. ಮೆದು ಮಾತಿನವನು, ಬಾಗಿಲಲ್ಲಿ ಚಪ್ಪಲಿ ಬಿಟ್ಟು ಗೋಡೆಗೆ ಒರಗಿ ನಿಂತು ಕರೆಯುವವರೆಗೂ ಒಳಗೆ ಬರುತ್ತಿರಲಿಲ್ಲ. ಚೆಕಿಂಗಿನವಳಿಗೆ ಓವರ್‌ಟೈಮ್, ಅವಳ ಗಂಡ ಬಸ್ ಡ್ರೈವರು, ಹಾಗಾಗಿ ರಾತ್ರಿಯ ಊಟ ತಿನ್ನಿಸುವ ಕೆಲಸ ಮುದುಕನದು. ಸೊಸೆ ಬೆಳಿಗ್ಗೆಯೇ ಬೇಯಿಸಿ, ನುಣ್ಣಗೆ ಮಾಡಿ, ಬಟ್ಟಲಿಗೆ ಹಾಕಿ ಮುಚ್ಚಿಟ್ಟು ಹೋಗಿರುತ್ತಿದ್ದಳು.

"ಏನಜ್ಜಾ, ಮೊಮ್ಮಗಳು ಮನೇಲಿ ಸರಿಯಾಗಿ ಊಟ ಮಾಡ್ತಾಳಾ?" ಎಂದು ಕೇಳಿದರೆ, "ಮಾಡ್ತಾಳೆ ತಾಯಿ, ಮಾಡ್ತಾಳೆ," ಎನ್ನುತ್ತಿದ್ದ. ಹೇಳುವಾಗ ನನ್ನ ಮುಖ ನೋಡುತ್ತಿರಲಿಲ್ಲ.

ಮೊದಲು ಕೆಟ್ಟದ್ದು ಕೂಸಿನ ಹೊಟ್ಟೆ. ಮಲ ಕಟ್ಟಿ, ಹೊರಗೆ ಹೋಗುವುದೇ ನಿಂತಿತು. ಚೆಕಿಂಗಿನವಳು ಬಂದು ತಪ್ಪನ್ನು ನನ್ನ ಬಾಳೆಹಣ್ಣಿನ ಮೇಲೆ ಹಾಕಿದಳು. ಬಾಳೆಹಣ್ಣು ನಿಲ್ಲಿಸಿದೆ. ಅನ್ನದ ಮೇಲೆ ಹಾಕಿದಳು. ಅನ್ನ ತೆಳ್ಳಗೆ ಮಾಡಿದೆ. ನೀರು ಕುಡಿಸಿದೆವು, ಹೊಟ್ಟೆ ನೀವಿದೆವು. ಮಕ್ಕಳಿಗೆ ಇದೆಲ್ಲ ಇದ್ದದ್ದೇ ಎಂದು ಆಯಾ, ನಾನು ಇಬ್ಬರೂ ತಲೆ ಕೆಡಿಸಿಕೊಳ್ಳಲಿಲ್ಲ.

ಆಮೇಲೆ ಕೂಸು ಸುಮ್ಮನಾಯಿತು. ಮೊದಲೆಲ್ಲ ಆಯಾ ಆಚೆ ಹೋದರೆ ಕಟ್ಟಡವೇ ಕಿತ್ತುಹೋಗುವ ಹಾಗೆ ಕಿರುಚುತ್ತಿದ್ದದ್ದು, ಈಗ ಹಾಸಿದ ಬಟ್ಟೆಯ ಮೇಲೆ ಬಿದ್ದುಕೊಂಡು ಸೂರು ನೋಡುತ್ತಿತ್ತು.

"ಈ ವಾರ ಏನು ಬಂಗಾರದಂಥ ಮಗು ಕಣಕ್ಕಾ," ಎಂದಳು ಆಯಾ. "ಅಳೋದೇ ಇಲ್ಲ. ಉಳಿದವೂ ಹಿಂಗೇ ಇದ್ದಿದ್ರೆ ನಾನು ಸ್ವೆಟರ್ ಹೆಣೀತಾ ಕೂತಿರ್ತಿದ್ದೆ."

ನಾವು ನಕ್ಕೆವು. ಅಷ್ಟು ದಡ್ಡರು ನಾವು. ಮಗು ಅಳದಿದ್ದರೆ ಸುಖ ಎಂದುಕೊಳ್ಳುವುದು ಮಕ್ಕಳನ್ನು ಬಿಟ್ಟಿರುವವರ ಮಾತು, ದಿನವಿಡೀ ಮಕ್ಕಳ ನಡುವೆ ಇರುವವರಿಗೆ ಅಷ್ಟೂ ತಿಳಿಯಬೇಡವೇ?

ಮರುದಿನ ಬೇಯಿಸಿದ ಆಲೂಗಡ್ಡೆ ಬಾಯಿಗಿಟ್ಟರೆ ಅದು ಅಲ್ಲೇ ಕೂತಿತು. ಉಗುಳಲಿಲ್ಲ, ನುಂಗಲೂ ಇಲ್ಲ. ತುಟಿಯ ಅಂಚಿನಿಂದ ಜೊಲ್ಲಿನ ಜೊತೆ ಇಳಿದು ಗಲ್ಲಕ್ಕೆ ಬಂತು. ರೆಪ್ಪೆ ಅರ್ಧಕ್ಕೆ ಇಳಿದಿತ್ತು, ನಿದ್ದೆಯಲ್ಲ. ಚಪ್ಪಾಳೆ ತಟ್ಟಿದೆ, ಮುಖ ಅಲ್ಲಾಡಲಿಲ್ಲ. ಎತ್ತಿ ಕೂರಿಸಲು ನೋಡಿದರೆ ಕತ್ತು ಹಿಂದಕ್ಕೆ ಬಿತ್ತು. ಎರಡು ವಾರದ ಹಿಂದೆ ಗೋಡೆಗೆ ಒರಗದೆ ಕೂರುತ್ತಿದ್ದ ಮಗು ಅದು. ಆಯಾಳನ್ನು ಕೂಗಿದೆ, ಕಾರ್ಖಾನೆಗೆ ಫೋನ್ ಹೋಯಿತು.

ಚೆಕಿಂಗಿನವಳು ಕುತ್ತಿಗೆಗೆ ಹಾಕಿಕೊಂಡ ಅಳತೆ ಟೇಪಿನ ಸಮೇತ ಓಡಿ ಬಂದಳು. ಕೂಸನ್ನು ಎತ್ತಿಕೊಂಡಳು. ಕೂಸು ಅಳಲು ಬಾಯಿ ತೆರೆಯಿತು. ಬೆಕ್ಕಿನ ಮರಿ ಎಲ್ಲೋ ಗೋಡೆಯಾಚೆ ಕೂಗಿದಷ್ಟು ಸದ್ದು ಬಂತು, ಅಷ್ಟೇ. ಅವಳು ನನ್ನ ಕಡೆ ತಿರುಗಿದಳು.

"ಏನು ಹಾಕಿದ್ರಿ ಇವಳಿಗೆ?"

"ನೀವು ಹೇಳಿದ್ದೇ ಹಾಕಿದ್ದು."

"ಏನು ಹಾಕಿದ್ರಿ ಅಂತ ಕೇಳ್ತಿದೀನಿ."

ಊಟದ ಬಿಡುವಿಗೆ ಬಂದ ನಾಲ್ಕಾರು ತಾಯಂದಿರು ಬಾಗಿಲಲ್ಲಿ ನಿಂತಿದ್ದರು. ಅವರಲ್ಲೊಬ್ಬಳು, "ಹಾಲು ಕುಡಿದ ಮಕ್ಕಳೇ ಬದುಕಲ್ಲ, ಇನ್ನು ಇಲ್ಲಿ ಏನೇನು ತಿನ್ನಿಸ್ತಾರೋ," ಎಂದು ತನ್ನ ಮಗುವನ್ನು ಎತ್ತಿಕೊಂಡು ಹೊರಟೇಬಿಟ್ಟಳು. ಶಿಶುವಿಹಾರದ ಮೇಡಂ ಅಡುಗೆಮನೆಗೆ ಬೀಗ ಹಾಕಿ, ಅಂದಿನ ಊಟವನ್ನು ಡಬ್ಬಿಗೆ ತುಂಬಿ ನನ್ನ ಕೈಗಿಟ್ಟು, "ನೀನೂ ಆಸ್ಪತ್ರೆಗೆ ಬಾ, ಕೇಳಿದ್ರೆ ಹೇಳೋಕಾಗುತ್ತೆ," ಎಂದರು.

ದಾರಿಯುದ್ದಕ್ಕೂ ಆ ಡಬ್ಬಿ ನನ್ನ ತೊಡೆಯ ಮೇಲಿತ್ತು. ಮುಚ್ಚಳ ತೆಗೆದು ಮೂಸಿದೆ. ಬೆರಳಲ್ಲಿ ಮುಟ್ಟಿ ನಾಲಿಗೆಗೂ ಇಟ್ಟೆ. ಪಾತ್ರೆ ಸರಿಯಾಗಿ ಬೆಳಗಿದ್ದೆನೇ, ಸೋಪು ಉಳಿದಿತ್ತೇ, ಆಲೂಗಡ್ಡೆ ಹಸಿರಾಗಿತ್ತೇ? ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾನು ಎರಡೂ ಹೆಗಲು ಮುಟ್ಟಿ ನೋಡಿಕೊಂಡೆ.

ಆಸ್ಪತ್ರೆಯಲ್ಲಿ ಕೂಸನ್ನು ಒಳಗೆ ಒಯ್ದು ಮೂಗಿಗೆ ಕೊಳವೆ ಹಾಕಿದರು. ನಾವು ಉದ್ದನೆಯ ಬೆಂಚಿನ ಮೇಲೆ ಕೂತೆವು. ಚೆಕಿಂಗಿನವಳ ಗಂಡ ಬಸ್ಸಿನ ಖಾಕಿಯಲ್ಲೇ ಬಂದ, ಅವನ ಹಿಂದೆ ಮುದುಕ. ಸ್ವಲ್ಪ ಹೊತ್ತಿಗೆ ಡಾಕ್ಟರಮ್ಮ ಬಂದು ನಿಂತರು.

"ಮಗು ಬಾಯಿಗೆ ಏನೇನು ಹೋಗಿದೆ, ಎಲ್ಲಾ ಹೇಳಿ. ಮನೇಲಿ, ಹೊರಗೆ, ಎಲ್ಲಾ."

ಚೆಕಿಂಗಿನವಳು ಹೇಳಿದಳು. ಯಾವ ವಾರ ಯಾವ ಕಾಳು, ಯಾವ ಹಣ್ಣು, ನೀರು ಕಾಯಿಸಿದ್ದೋ ಅಲ್ಲವೋ, ಒಂದನ್ನೂ ತಡವರಿಸದೆ ಹೇಳಿದಳು. ಕೇಳುತ್ತಾ ನನಗೇ ಅವಳ ಮೇಲೆ ಮೆಚ್ಚುಗೆ ಬಂತು, ಹೊಟ್ಟೆಯೂ ಉರಿಯಿತು. ಡಾಕ್ಟರಮ್ಮ ಎಲ್ಲ ಕೇಳಿ, "ಜೇನುತುಪ್ಪ?" ಎಂದರು.

"ಇಲ್ಲ. ಒಂದು ವರ್ಷ ತುಂಬೋವರೆಗೂ ಕೊಡಬಾರದು ಅಂತ ನನಗೆ ಗೊತ್ತು. ನಮ್ಮನೇಲಿ ಕೊಟ್ಟಿಲ್ಲ. ಇವರನ್ನ ಕೇಳಿ." ಕೈ ನನ್ನ ಕಡೆ ತೋರಿಸಿತು.

"ನನ್ನ ಅಡುಗೆಮನೆಗೆ ಜೇನು ಬಂದಿದ್ದೇ ಇಲ್ಲ," ಎಂದೆ.

"ಸರಿಯಾಗಿ ಯೋಚನೆ ಮಾಡಿ ಹೇಳಿ," ಎಂದರು ಡಾಕ್ಟರಮ್ಮ. "ಜೇನಲ್ಲಿ ಒಂದೊಂದು ಸಲ ಒಂದು ರೋಗದ ಬೀಜ ಇರುತ್ತೆ. ನಮಗೇನೂ ಆಗಲ್ಲ. ಇಷ್ಟು ಚಿಕ್ಕ ಮಗು ಹೊಟ್ಟೇಲಿ ಅದು ಮೊಳೆತು ವಿಷ ಬಿಡುತ್ತೆ, ಮೈಯೆಲ್ಲಾ ಸಡಿಲ ಆಗ್ತಾ ಹೋಗುತ್ತೆ. ಕೊನೆಗೆ ಉಸಿರೂ. ಪರೀಕ್ಷೆಯಿಂದ ಗೊತ್ತಾಗೋಕೆ ದಿನಗಳು ಬೇಕು, ಅಷ್ಟು ಟೈಮ್ ಇಲ್ಲ. ಅದೇ ಅಂತಾದ್ರೆ ಔಷಧಿ ಈಗ್ಲೇ ಬೇರೆ ಊರಿಂದ ತರಿಸ್ತೀನಿ. ಅಲ್ಲ ಅಂದ್ರೆ ಮೊದಲು ತಲೆ, ಬೆನ್ನು ಎಲ್ಲಾ ನೋಡ್ಬೇಕು."

"ಅಲ್ಲ," ಎಂದಳು ಚೆಕಿಂಗಿನವಳು. "ನನಗೆ ಗೊತ್ತಿಲ್ಲದೆ ಒಂದು ಚಮಚ ನೀರೂ ಹೋಗಿಲ್ಲ."

ಡಾಕ್ಟರಮ್ಮ ಒಳಗೆ ಹೋಗಲು ತಿರುಗಿದರು. ಆಗ ಮುದುಕ ಬೆಂಚಿನ ತುದಿಯಿಂದ ಎದ್ದ.

"ಡಾಕ್ಟ್ರೇ..."

"ಮಾವ, ಸುಮ್ನಿರಿ," ಎಂದಳು ಸೊಸೆ. "ಅವರಿಗೆ ಕೆಲ್ಸ ಇದೆ."

ಮುದುಕ ಕೂತುಬಿಟ್ಟ. ಕೂತು ಮಗನ ಮುಖ ನೋಡಿದ. ಮಗ ತನ್ನ ಬೂಟು ನೋಡಿಕೊಂಡ. ಆ ನೋಟವನ್ನು ನಾನು ನೋಡಿದೆ. ನನಗೆ ಎಲ್ಲಿತ್ತೋ ಸಿಟ್ಟು.

"ನೀವು ಸ್ವಲ್ಪ ಸುಮ್ನಿರಮ್ಮ," ಎಂದೆ. "ಅಜ್ಜ ಏನೋ ಹೇಳ್ತಿದಾರೆ. ಡಾಕ್ಟ್ರೇ, ಹೋಗ್ಬೇಡಿ. ಅಜ್ಜಾ, ಬಾಯಿ ಬಿಡಿ."

ಮುದುಕ ಎರಡು ಕೈಯನ್ನೂ ಮೊಣಕಾಲ ಮೇಲೆ ಒತ್ತಿಕೊಂಡು ನೆಲಕ್ಕೆ ಹೇಳಿದ. "ಕೊಟ್ಟಿದೀನಿ. ಚಮಚದ ತುದಿಗೆ ಹಚ್ಚಿ. ದಿನಾ ರಾತ್ರಿ."

ಡಾಕ್ಟರಮ್ಮ ಎಷ್ಟು ದಿನದಿಂದ ಎಂದು ಕೇಳಿದರು. ತಿಂಗಳ ಮೇಲಾಯಿತು ಎಂದ. ಅವರು ಮತ್ತೇನೂ ಕೇಳದೆ ಫೋನ್ ಕಿವಿಗಿಟ್ಟುಕೊಂಡು ಬಿರಬಿರನೆ ಒಳಗೆ ಹೋದರು. ಬಾಗಿಲು ಮುಚ್ಚುವ ಮೊದಲು, "ಉಸಿರು ಕಡಿಮೆ ಆಗ್ತಿದೆ, ಮೆಷಿನ್ ರೆಡಿ ಮಾಡಿ," ಎಂದು ಯಾರಿಗೋ ಹೇಳಿದ್ದು ನಮಗೆಲ್ಲ ಕೇಳಿಸಿತು.

ಮುದುಕ ಉಳಿದದ್ದನ್ನು ನನಗೆ ಹೇಳಿದ. ಸೊಸೆಯ ಕಡೆ ನೋಡುವ ಧೈರ್ಯ ಅವನಿಗಿರಲಿಲ್ಲ. ಮನೆಯಲ್ಲಿ ಕೂಸು ಊಟ ಉಗುಳುತ್ತಿತ್ತು. ದಿನವೆಲ್ಲ ನಮ್ಮಲ್ಲಿ ತಿಂದು ಬಂದದ್ದಕ್ಕೆ ಹಸಿವಿರುತ್ತಿರಲಿಲ್ಲವೋ ಏನೋ. ಸೊಸೆ ಬಂದವಳೇ ಬಟ್ಟಲು ನೋಡುತ್ತಿದ್ದಳು. "ಶಿಶುವಿಹಾರದಲ್ಲಿ ನೆಕ್ಕಿ ಇಡ್ತಾಳಂತೆ, ನಿಮ್ಮ ಕೈಲಿ ಯಾಕೆ ತಿನ್ನಲ್ಲ?" ಎನ್ನುತ್ತಿದ್ದಳು. ಬಟ್ಟಲು ಖಾಲಿಯಾಗಬೇಕು, ಮಗುವಿಗೂ ನೋವಾಗಬಾರದು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಮುದುಕ ತನ್ನ ಕೆಮ್ಮಿಗೆ ತಂದಿಟ್ಟ ಜೇನು ಹಚ್ಚಿದ. ಕೂಸು ಬಾಯಿ ಬಿಟ್ಟಿತು. ಕೊಡಬಾರದು ಎಂದು ಅವನಿಗೆ ಗೊತ್ತೇ ಇರಲಿಲ್ಲ. ಅವಳು ಏನು ಕೊಡಬೇಕು ಎಂದು ಹೇಳುತ್ತಿದ್ದಳೇ ಹೊರತು, ಏನು ಕೊಡಬಾರದು, ಏಕೆ ಕೊಡಬಾರದು ಎಂದು ಆ ಮನೆಯಲ್ಲಿ ಯಾರಿಗೂ ಬಿಡಿಸಿ ಹೇಳಿದವಳಲ್ಲ.

"ನನಗ್ಯಾಕೆ ಹೇಳ್ಲಿಲ್ಲ ಮಾವ?" ಎಂದಳು ಅವಳು. ಆ ದನಿ ನಾನು ಅವಳಿಂದ ಕೇಳಿದ್ದೇ ಇಲ್ಲ.

"ಭಯ ಕಣಮ್ಮ."

"ಯಾರ ಭಯ?"

ಮುದುಕ ಅವಳಿಗೆ ಕೈ ಮುಗಿದ.

ಅವಳು ಗಂಡನ ಕಡೆ ತಿರುಗಿದಳು. "ನಿಮಗೆ ಗೊತ್ತಿತ್ತಾ?"

ಅವನು ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತಾ ನಿಂತಿದ್ದ. "ಜೇನು ತಂದುಕೊಟ್ಟಿದ್ದು ನಾನೇ," ಎಂದ. "ಎರಡನೇ ಬಾಟ್ಲಿನೂ."

ಬಯ್ಯುತ್ತಾಳೆ, ಆಸ್ಪತ್ರೆ ಹಾರಿಹೋಗುವ ಹಾಗೆ ಬಯ್ಯುತ್ತಾಳೆ ಎಂದು ನಾನು ಕಾದೆ. ಬೈದರೆ ಚೆನ್ನಾಗಿತ್ತು. ಅವಳು ಬೆಂಚಿನ ಮೇಲೆ ಕೂತು, ಅಳತೆ ಟೇಪನ್ನು ಕುತ್ತಿಗೆಯಿಂದ ತೆಗೆದು ಬೆರಳಿಗೆ ಸುತ್ತತೊಡಗಿದಳು. ನನಗೆ ಅವಳ ಮೇಲಿದ್ದ ಸಿಟ್ಟೆಲ್ಲ ಎಲ್ಲಿ ಹೋಯಿತೋ. ಡಬ್ಬಿಯನ್ನು ಪಕ್ಕಕ್ಕಿಟ್ಟು ಅವಳ ಹತ್ತಿರ ಸರಿದು ಕೂತೆ.

ನರ್ಸ್ ಹೊರಗೆ ಬಂದಳು. ಮಗುವಿಗೆ ಮೆಷಿನ್ ಹಾಕಿದ್ದಾರೆ, ಔಷಧಿ ಹೊರಟಿದೆ, ಬರುವವರೆಗೆ ಏನೂ ಹೇಳಲಾಗುವುದಿಲ್ಲ ಎಂದಳು. ಆಮೇಲೆ, "ಡಾಕ್ಟ್ರು ಕೇಳ್ತಿದಾರೆ, ಇನ್ನೇನಾದ್ರೂ ಕೊಟ್ಟಿದ್ರಾ? ಬೇರೆ ಏನಾದ್ರೂ?" ಎಂದಳು.

ಅಪ್ಪ ಮಗ ಇಬ್ಬರೂ ಚೆಕಿಂಗಿನವಳ ಮುಖ ನೋಡಿದರು.

"ಹೇಳಿ," ಎಂದಳು ಅವಳು. "ನಾನು ಬಯ್ಯಲ್ಲ. ಹೇಳಿ."

"ಟೀಯಲ್ಲಿ ಅದ್ದಿ ಬಿಸ್ಕತ್ತು," ಎಂದ ಮುದುಕ ಮೆಲ್ಲಗೆ. "ಆಗಾಗ."

"ಹೂಂ."

"ಐಸ್‌ಕ್ರೀಮ್ ಒಂದ್ಸಲ ನೆಕ್ಕಿಸಿದ್ದೆ," ಎಂದ ಗಂಡ.

"ಹೂಂ. ಆಮೇಲೆ?"

"ತಿನ್ನದೇ ಇದ್ದ ದಿನ ಬಟ್ಟಲಲ್ಲಿದ್ದಿದ್ದನ್ನ ನಾನೇ ತಿಂದ್ಬಿಡ್ತಿದ್ದೆ ಕಣಮ್ಮ," ಎಂದ ಮುದುಕ. "ನೀನು ಬರೋದ್ರೊಳಗೆ."

"ಹೇಳಿ ಮಾವ," ಎಂದಳು ಅವಳು. "ಇನ್ನೂ ಹೇಳಿ."

ಒಂದೊಂದೇ ಹೊರಬಂತು. ನರ್ಸ್ ನಿಂತೇ ಕೇಳಿಸಿಕೊಂಡಳು. ಚೆಕಿಂಗಿನವಳು ಪ್ರತಿಯೊಂದಕ್ಕೂ ಹೂಂ ಎನ್ನುತ್ತಿದ್ದಳು, ತನ್ನದೇ ಮನೆಯಲ್ಲಿ ತಾನಿಲ್ಲದಾಗ ನಡೆದದ್ದನ್ನೆಲ್ಲ ಮೊದಲ ಸಲ ಕೇಳುತ್ತಾ, ಒಳಗೆ ಮೆಷಿನ್ನು ಅವಳ ಮಗಳಿಗಾಗಿ ಉಸಿರಾಡುತ್ತಿರುವಾಗ.